ಟಾರಿನ್ ನೌಕೆಯ ಕರ್ತೃಗಳು

ಕರ್ತೃತ್ವವಿಚಾರವು ಕನ್ನಡ ವಿದ್ವಾಂಸರಿಗೆ ಹೊಸದಲ್ಲ. ಕವಿರಾಜಮಾರ್ಗವನ್ನು ರಚಿಸಿದವನು ನೃಪತುಂಗನೋ ಶ್ರೀವಿಜಯನೋ ಎಂಬ ವಿಷಯದಲ್ಲಿ ನಮ್ಮಲ್ಲಿ ಎಷ್ಟು ವಾದಗಳು ನಡೆದಿವೆಯೆಂಬುದನ್ನು ವಾಚಕರಿಗೆ ನೆನಪುಮಾಡಿಕೊಡಬೇಕಾದುದಿಲ್ಲ. ಒಬ್ಬನೇ ಕುಳಿತು ಬರೆಯಬಹುದಾದ ಗ್ರಂಥದಲ್ಲಿಯೇ ಇಷ್ಟು ತೊಡಕಿರುವಾಗ, ನೂರಾರು ಕೈಗಳು ಕೂಡಿ ನಿರ್ಮಿಸುವ ಚಲಚ್ಚಿತ್ರದಲ್ಲಿ ಅದು ಇನ್ನೆಷ್ಟು ಹೆಚ್ಚಬೇಕು! ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಕಾಣುವ ನಾಮಾವಳಿಯು ಒಂದು ಶಾಸನವಿದ್ದಂತೆ. ಅದರಲ್ಲಿ ಹೇಳಿದುದೆಲ್ಲವೂ ಸುಳ್ಳಲ್ಲ. ಆದರೆ ಹೇಳದೆ ಬಿಟ್ಟುದೂ ಬಹಳವಿರುತ್ತದೆ. ಎರಡನೆಯ ಮಹಾಯುದ್ಧದ ನಡುವೆ, 1942ನೆಯ ಇಸವಿಯಲ್ಲಿ, ಇಂಗ್ಲೆಂಡಿನಲ್ಲಿ ತಯಾರಾದ ‘ಇನ್ ವಿಚ್ ವಿ ಸರ್ವ್’ ಎಂಬ ನೌಕಾಯುದ್ಧದ ಚಿತ್ರವನ್ನು ಕುರಿತು ಈ ದೃಷ್ಟಿಯಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ. ಚಿತ್ರದ ಹೆಸರು ಆಂಗ್ಲ ನೌಕಾಬಲದ ಪ್ರಾರ್ಥನೆಯಿಂದ ತೆಗೆದದ್ದು. ತಾವು ಸೇವೆಸಲ್ಲಿಸುತ್ತಿರುವ ಪಡೆಯನ್ನು ಕಾಪಾಡೆಂದು ನಾವಿಕರು ದೇವರನ್ನು ಬೇಡುವ ಮಾತಿನ ತುಣುಕು ಅದು.

ಮೊದಲು ಚಿತ್ರಕ್ಕೆ ಆಧಾರವಾದ ಇತಿಹಾಸವನ್ನು ಹೇಳಬೇಕು. ‘ಕೆಲ್ಲಿ’ ಎಂಬುದು ಬ್ರಿಟಿಷ್ ನೌಕಾಬಲದ ಒಂದು ವಿಧ್ವಂಸಕ ನೌಕೆ. ಟೈನ್ ನದಿಯ ದಡದ ಹೆಬರ್ನಿನಲ್ಲಿ ಇದನ್ನು ಕಟ್ಟಿ 1938ರ ಅಕ್ಟೋಬರಿನಲ್ಲಿ ನೀರಿಗಿಳಿಸಿದರು. ಯುದ್ಧವು ಪ್ರಾರಂಭವಾಗುವುದಕ್ಕೆ ಕೆಲವೇ ದಿನಗಳ ಮುಂಚೆ, 1939ರ ಆಗಸ್ಟಿನಲ್ಲಿ, ಅದು ಸೇವೆಗೆ ಸೇರಿತು. ಅದರ ಕಪ್ತಾನನೂ ಐದನೆಯ ವಿಧ್ವಂಸಕ ದಳದ ನಾಯಕನೂ ಆಗಿದ್ದವನು ಲಾರ್ಡ್ ಲೂಯಿ ಮೌಂಟ್‌ಬ್ಯಾಟನ್. ಮುಂದೆ 1947ರಲ್ಲಿ ಭಾರತದ ಕಡೆಯ ವೈಸರಾಯನಾಗಿ ಬಂದವನೂ ಇವನೇ. ಈ ನೌಕೆಯ ಆಯುಷ್ಯವು ಎರಡು ವರ್ಷ ತುಂಬಲಿಲ್ಲ. 1939ರ ಡಿಸೆಂಬರಿನಲ್ಲಿ ಟೈನ್ ನದಿಯ ಮುಖದ ಬಳಿ ಜಲಸ್ಫೋಟಕಕ್ಕೆ ಸಿಕ್ಕಿತು. 1940ರ ಮಾರ್ಚಿನಲ್ಲಿ ತಮ್ಮವರದೇ ಆದ ‘ಗೂರ್ಖಾ’ ನೌಕೆಗೆ ಡಿಕ್ಕಿ ಹೊಡೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಜರ್ಮನರ ವೇಗದ ದೋಣಿಯೊಂದು ಹೊಡೆದ ಟಾರ್ಪೀಡೊ ಅದರ ಪಕ್ಕವನ್ನು ಸೀಳಿತು. 27 ಮಂದಿ ಸತ್ತರು. ಮುಳುಗಲಿದ್ದ ಹಡಗನ್ನು ಸುಮಾರು ನಾಲ್ಕು ದಿನಗಳ ಕಾಲ ವಿಮಾನದಾಳಿಗಳ ನಡುವೆ ಎಳೆದುಕೊಂಡು ಬಂದು ಮತ್ತೆ ಟೈನ್ ತೀರಕ್ಕೇ ಸೇರಿಸಿದರು. ರಿಪೇರಿಯಾಗಿ ಹೊರಟ ನೌಕೆಯು ಭೂಮಧ್ಯಸಮುದ್ರಕ್ಕೆ ಹೋಯಿತು. 1941ರ ಮೇ 23ರ ಬೆಳಗ್ಗೆ, ಕ್ರೀಟ್ ದ್ವೀಪದ ದಕ್ಷಿಣಕ್ಕೆ, ಸ್ಟೂಕಾ ವಿಮಾನಗಳ ಬಾಂಬಿಗೆ ಸಿಕ್ಕಿ, ಪೂರ್ಣವೇಗದಲ್ಲಿ ತಿರುಗುತ್ತಿದ್ದಂತೆಯೇ ಮಗುಚಿಕೊಂಡಿತು. ಸುಮಾರು 130 ಜನರು ನೌಕೆಯೊಡನೆ ಹೋದರು. ಜೊತೆಯಲ್ಲಿದ್ದ ‘ಕಾಶ್ಮೀರ್’ ಎಂಬ ನೌಕೆಯು ಅದೇ ದಾಳಿಯಲ್ಲಿ ಎರಡೇ ನಿಮಿಷಗಳಲ್ಲಿ ಮುಳುಗಿತು. ಮೂರನೆಯದಾದ ‘ಕಿಪ್ಲಿಂಗ್’ ನೌಕೆಯು ಮೇಲಿಂದಮೇಲೆ ಬೀಳುತ್ತಿದ್ದ ಬಾಂಬುಗಳ ನಡುವೆ ಗಂಟೆಗಟ್ಟಲೆ ನಿಂತು ಎರಡೂ ಹಡಗುಗಳ ಸುಮಾರು 280 ಮಂದಿಯನ್ನು ನೀರಿನಿಂದೆತ್ತಿ ಅಲೆಗ್ಸಾಂಡ್ರಿಯಕ್ಕೆ ತಂದಿತು.

ಆ ವರ್ಷದ ಬೇಸಗೆಯಲ್ಲಿ ಲಂಡನ್ನಿಗೆ ಮರಳಿದ ಮೌಂಟ್‌ಬ್ಯಾಟನ್ ತನ್ನ ಹಳೆಯ ಸ್ನೇಹಿತನಾದ ನೋಯೆಲ್ ಕೌವರ್ಡನಿಗೆ ಈ ವೃತ್ತಾಂತವನ್ನು ಹೇಳಿದನು. ಕೌವರ್ಡನು ಆ ಕಾಲದ ಪ್ರಸಿದ್ಧ ನಾಟಕಕಾರ, ನಟ, ಗೀತಕಾರ. ಮಾತಿನ ಚಮತ್ಕಾರಕ್ಕೂ, ಅರಮನೆಯಂತಹ ಬೈಠಕ್ಕುಗಳಲ್ಲಿ ನಡೆಯುವ ವಿನೋದನಾಟಕಗಳಿಗೂ ಅವನ ಹೆಸರು ಅಂಟಿಕೊಂಡಿತ್ತು. ಅಂತಹವನು ಯುದ್ಧನೌಕೆಯ ಕಥೆಯನ್ನು ಬರೆಯುವುದು ಮಾತ್ರವಲ್ಲ, ಅದರ ಕಪ್ತಾನನಾಗಿ ತಾನೇ ಅಭಿನಯಿಸುತ್ತಾನೆಂಬ ಸುದ್ದಿ ಹೊರಟಾಗ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಇದರಲ್ಲಿ ಮುಂದಾಗಿದ್ದುದು ಲಾರ್ಡ್ ಬೀವರ್‌ಬ್ರೂಕನ ‘ಡೈಲಿ ಎಕ್ಸ್‌ಪ್ರೆಸ್’. ಕೌವರ್ಡನು ಈ ಋಣವನ್ನು ತೀರಿಸದೆ ಬಿಡಲಿಲ್ಲ. ಈ ವರ್ಷ ಯುದ್ಧವಾಗುವುದಿಲ್ಲವೆಂದು 1939ರಲ್ಲಿ ಅದೇ ಪತ್ರಿಕೆ ಸಾರಿದ್ದ ಶೀರ್ಷಿಕೆಯು ಕೊಳಕು ನೀರಿನಲ್ಲಿ ತೇಲಿಹೋಗುವ ಒಂದು ದೃಶ್ಯವನ್ನು ಚಿತ್ರದಲ್ಲಿ ಸೇರಿಸಿಬಿಟ್ಟನು. ಬೀವರ್‌ಬ್ರೂಕನಿಗೆ ಮೌಂಟ್‌ಬ್ಯಾಟನ್ನನ ಮೇಲಿದ್ದ ದ್ವೇಷಕ್ಕೆ 1942ರ ಡೀಪ್ ದಾಳಿಯು ಒಂದು ಕಾರಣವಾದರೆ, ಈ ನೀರಿನ ಮೇಲಣ ಕಾಗದವೂ ಒಂದು ಕಾರಣವೆಂದು ಚರಿತ್ರಕಾರರು ಎಣಿಸುತ್ತಾರೆ.

ಇದಕ್ಕಿಂತ ದೊಡ್ಡ ಅಡ್ಡಿ ಸರ್ಕಾರದಿಂದಲೇ ಬಂದಿತು. ಪ್ರಚಾರ ಸಚಿವಶಾಖೆಯ ಚಲಚ್ಚಿತ್ರ ವಿಭಾಗದವರು, ನಮ್ಮ ನೌಕೆಯೊಂದು ಮುಳುಗುವ ಕಥೆಯನ್ನು ಯುದ್ಧದ ನಡುವೆ ಲೋಕಕ್ಕೆ ತೋರಿಸುವುದು ಕೆಟ್ಟ ಪ್ರಚಾರವೆಂದು ಆಕ್ಷೇಪಿಸಿದರು. ಮೇಲುನೋಟಕ್ಕೆ ಇದು ಯುಕ್ತವಾದ ಮಾತೇ. ಆದರೆ ಸೋಲನ್ನು ಮುಚ್ಚಿಡುವ ಚಿತ್ರವನ್ನು ನಂಬುವ ಸ್ಥಿತಿಯಲ್ಲಿ ಆಗಿನ ಆಂಗ್ಲ ಪ್ರಜೆಯಿರಲಿಲ್ಲ. ಪ್ರತಿಯೊಂದು ಬೀದಿಯಲ್ಲಿಯೂ ಕುಸಿದ ಮನೆಗಳಿದ್ದವು. ಕೌವರ್ಡನಿಗೆ ಇದು ಗೊತ್ತಿತ್ತೆಂಬುದೇ ಅವನ ಹೆಚ್ಚುಗಾರಿಕೆ. ಮೌಂಟ್‌ಬ್ಯಾಟನ್ ಅರಮನೆಯಲ್ಲಿಯೂ ನೌಕಾಧಿಕಾರಿಗಳಲ್ಲಿಯೂ ತನಗಿದ್ದ ಪ್ರಭಾವವನ್ನು ಉಪಯೋಗಿಸಿ ಅಡ್ಡಿಯನ್ನು ನಿವಾರಿಸಿದನು. ಚಿತ್ರದ ಕಪ್ತಾನ ಕಿನ್ರಾಸನು ತಾನೆಂದು ಯಾರೂ ಹೇಳಕೂಡದೆಂಬ ಎಚ್ಚರವೂ ಅವನಿಗಿತ್ತು. ಆದಕಾರಣ ಕೆಲ್ಲಿಯು ‘ಟಾರಿನ್’ ಆಯಿತು, ರಾಜವಂಶದ ಕಪ್ತಾನನು ಸಾಧಾರಣ ಸದ್ಗೃಹಸ್ಥನಾದನು. ಆದರೂ ವೇಷವು ತೆಳುವಾದುದು. ಪಂಪನ ಅರ್ಜುನನಲ್ಲಿ ಅರಿಕೇಸರಿಯನ್ನು ಗುರುತಿಸಿದ ನಮಗೆ ಕಿನ್ರಾಸನಲ್ಲಿ ಮೌಂಟ್‌ಬ್ಯಾಟನ್ನನನ್ನು ಗುರುತಿಸುವುದು ಕಷ್ಟವಲ್ಲ. ಉಳಿದ ನಾವಿಕರನ್ನು ಕುರಿತು ಕಪ್ತಾನನು ಕೊನೆಯಲ್ಲಿ ಆಡುವ ಭಾಷಣಕ್ಕೆ ಮೌಂಟ್‌ಬ್ಯಾಟನ್ ಅಲೆಗ್ಸಾಂಡ್ರಿಯದಲ್ಲಿ ಆಡಿದ ಮಾತುಗಳೇ ಮೂಲ.

ಇನ್ನು ನಿರ್ಮಾಪಕರ ವಿಷಯ. ಬ್ರಿಟಿಷ್ ನೌಕಾಬಲದ ಕೀರ್ತಿಯನ್ನು ಸಾರುವ ಈ ಚಿತ್ರಕ್ಕೆ ಹಣವನ್ನು ಕೂಡಿಸಿದವನು ಇಟಲಿಯವನೆಂಬುದು ವಿನೋದವಾಗಿದೆ. ಫಿಲಿಪ್ಪೊ ಡೆಲ್ ಜುಡಿಚೆ ಎಂಬ ಈ ವಕೀಲನು ಮುಸೊಲಿನಿಯ ಆಳ್ವಿಕೆಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದವನು. ರೋಮ್, ಲಂಡನ್ ಎಂಬ ಎರಡು ನಗರಗಳನ್ನು ನೆನೆದು ತನ್ನ ಸಂಸ್ಥೆಗೆ ‘ಟೂ ಸಿಟೀಸ್’ ಎಂದು ಹೆಸರಿಟ್ಟಿದ್ದನು. 1940ರಲ್ಲಿ ಇಟಲಿಯು ಯುದ್ಧಕ್ಕಿಳಿದಾಗ ಇವನನ್ನು ಶತ್ರುದೇಶದ ಪ್ರಜೆಯೆಂದು ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಸೆರೆಯಿಟ್ಟಿದ್ದರು. ಬಿಡುಗಡೆಯಾಗಿ ಬಂದವನು ಕೌವರ್ಡನಿಗೆ ಯಾವ ಹಸ್ತಕ್ಷೇಪವೂ ಇಲ್ಲದ ಪೂರ್ಣ ಸ್ವಾತಂತ್ರ್ಯವನ್ನು ಕೊಟ್ಟನು. ಲೆಕ್ಕಪತ್ರ, ವ್ಯವಸ್ಥೆಗಳನ್ನು ಆಂಥೊನಿ ಹ್ಯಾವ್ಲಾಕ್-ಆಲನ್ ನೋಡಿಕೊಂಡನು; ಛಾಯಾಗ್ರಹಣವು ರೊನಾಲ್ಡ್ ನೀಮನದು, ಅವನ ಕೈಕೆಳಗೆ ಕ್ಯಾಮರಾ ನಡಸಿದವನು ಗೈ ಗ್ರೀನ್. ದೃಶ್ಯಸಜ್ಜಿಕೆ ಡೇವಿಡ್ ರಾನ್ಸ್‌ಲಿಯದು; ಕೌವರ್ಡನ ನಾಟಕಗಳಿಗೆ ಬಹುಕಾಲದಿಂದ ರಂಗಸಜ್ಜಿಕೆಯನ್ನು ಮಾಡುತ್ತಿದ್ದ ಗ್ಲ್ಯಾಡಿಸ್ ಕ್ಯಾಲ್ತ್ರಪ್ ಅವನಿಗೆ ಸಲಹೆಗಾರಳಾಗಿದ್ದಳು. ಸಂಕಲನದಲ್ಲಿ ಥೆಲ್ಮಾ ಮೈಯರ್ಸ್ ಎಂಬಾಕೆಯ ಹೆಸರಿದೆ.

ಈ ಗುಂಪಿನಲ್ಲಿ ಮುಖ್ಯನಾದವನು ಡೇವಿಡ್ ಲೀನ್. ಆಗ ಅವನಿಗೆ ಮೂವತ್ತನಾಲ್ಕು ವರ್ಷ. ‘ಪಿಗ್ಮೇಲಿಯನ್’, ‘ಮೇಜರ್ ಬಾರ್ಬರಾ’ ಮುಂತಾದ ಚಿತ್ರಗಳನ್ನು ಕತ್ತರಿಸಿ ಜೋಡಿಸಿ, ಇಂಗ್ಲೆಂಡಿನ ಸಂಕಲನಕಾರರಲ್ಲಿ ಶ್ರೇಷ್ಠನೆನಿಸಿಕೊಂಡಿದ್ದನು. ಆದರೆ ನಿರ್ದೇಶಕನೆಂದು ಅವನ ಹೆಸರು ಎಲ್ಲಿಯೂ ಬಂದಿರಲಿಲ್ಲ. ಚಿತ್ರನಿರ್ಮಾಣದ ತಾಂತ್ರಿಕ ಭಾಗವನ್ನು ಅರಿಯದ ಕೌವರ್ಡನು ಅವನನ್ನು ಸಹಾಯಕ್ಕೆ ಕರೆದಾಗ, ತನ್ನ ಹೆಸರು ಸಹನಿರ್ದೇಶಕನೆಂದೇ ಬರಬೇಕೆಂದು ಲೀನ್ ಹಟಹಿಡಿದನು. ಕೌವರ್ಡನು ಒಪ್ಪಿದನು. ಮೊದಲು ಬರೆದ ಕಥೆಯು ಕಿನ್ರಾಸನ ಬಾಳನ್ನು ವರ್ಷಾನುಗಟ್ಟಲೆ ಹಿಂದಿನಿಂದ ಹೇಳುತ್ತ ಬಂದು, ತೆರೆಯ ಮೇಲೆ ಹಲವು ಗಂಟೆಗಳಷ್ಟು ಬೆಳೆದಿತ್ತು. ಅದನ್ನು ತೋರಿಸಲು ಸಾಧ್ಯವೇ ಇಲ್ಲವೆಂದು ಲೀನ್ ಮತ್ತು ಅವನ ಜೊತೆಗಾರರು ತಿಳಿಸಿದರು. ಆ ಕಾಲಕ್ಕೆ ಹೊಸದಾಗಿದ್ದ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ ಚಿತ್ರದಲ್ಲಿ ಕಥೆಯು ನೆನಪುಗಳ ಮೂಲಕ ಹಿಂದೆ ಮುಂದೆ ಓಡಾಡುವ ರೀತಿಯನ್ನು ಕೌವರ್ಡನು ನೋಡಿ ಬಂದ ಮೇಲೆ, ಈಗಿರುವ ಸಂವಿಧಾನವು ಹುಟ್ಟಿತು. ಹಡಗು ಮುಳುಗಿದೆ, ಎಣ್ಣೆ ಮೆತ್ತಿದ ಮುಖಗಳ ಕೆಲವರು ಒಂದು ತೆಪ್ಪವನ್ನು ಹಿಡಿದು ತೇಲುತ್ತಿದ್ದಾರೆ, ಮೇಲಿನಿಂದ ವಿಮಾನಗಳು ಗುಂಡಿನ ಮಳೆಗರೆಯುತ್ತಿವೆ. ಆ ಸ್ಥಿತಿಯಲ್ಲಿ ಒಬ್ಬೊಬ್ಬರಿಗೂ ಬರುವ ನೆನಪುಗಳೇ ಕಥೆ. ಹೀಗೆ ಕೃತಿಯ ಮಾತು ಕೌವರ್ಡನದಾದರೂ, ಅದರ ಮೈಕಟ್ಟಿನಲ್ಲಿ ಸಂಕಲನಕಾರನ ಕೈ ಸ್ಪಷ್ಟವಾಗಿ ಕಾಣುತ್ತದೆ.

ಚಿತ್ರೀಕರಣವು 1942ರ ಫೆಬ್ರವರಿಯಲ್ಲಿ ಲಂಡನ್ನಿನ ಹೊರಗಣ ಡೆನಮ್ ಸ್ಟುಡಿಯೋದಲ್ಲಿ ಪ್ರಾರಂಭವಾಗಿ ಜೂನ್ ಕಡೆಯವರೆಗೆ ನಡೆಯಿತು. ನೌಕೆಯ ಮೇಲಟ್ಟವನ್ನು ನಿಜವಾದ ಪ್ರಮಾಣದಲ್ಲಿಯೇ ಕಟ್ಟಿ, ಅಲೆಗಳ ಮೇಲೆ ಓಲಾಡುವಂತೆ ಅಲುಗಾಡಿಸುವ ಯಂತ್ರಗಳ ಮೇಲೆ ನಿಲ್ಲಿಸಿದ್ದರು. ತೆಪ್ಪದ ದೃಶ್ಯಗಳಿಗೆ ದೊಡ್ಡದೊಂದು ನೀರಿನ ತೊಟ್ಟಿಯಿತ್ತು. ನಟರು ದಿನಗಟ್ಟಲೆ ಅದರಲ್ಲಿ ನೆನೆಯಬೇಕಾಯಿತು. ಎಣ್ಣೆಯೂ ಕೊಳೆಯೂ ಸೇರಿ ಆ ನೀರು ಎಷ್ಟು ಹೊಲಸಾಯಿತೆಂಬುದನ್ನು ಅವರಲ್ಲಿ ಹಲವರು ಮುಂದೆ ಬಹುಕಾಲ ಹೇಳಿಕೊಳ್ಳುತ್ತಿದ್ದರು. ಕೆಲವು ವಾರಗಳಾಗುವಷ್ಟರಲ್ಲಿ ನಿರ್ದೇಶನದ ಬೇಸರದ ಕೆಲಸದಲ್ಲಿ ಕೌವರ್ಡನ ಆಸಕ್ತಿ ತಗ್ಗಿತು. ತನ್ನ ಅಭಿನಯವಿದ್ದಾಗ ಬಂದು, ಉಳಿದುದನ್ನು ಲೀನನಿಗೆ ಬಿಟ್ಟುಕೊಟ್ಟನು. ನಾಮಾವಳಿಯು ಇಬ್ಬರನ್ನೂ ನಿರ್ದೇಶಕರೆನ್ನುತ್ತದೆ. ಅಂಕಣದ ಮೇಲಣ ನಿತ್ಯದ ಕೆಲಸವು ಬಹುಪಾಲು ಎರಡನೆಯವನದೆಂದು ಹೇಳಬೇಕಾಗಿದೆ. ಏಪ್ರಿಲಿನಲ್ಲಿ ದೊರೆ ಆರನೆಯ ಜಾರ್ಜ್ ರಾಣಿಯೊಡನೆಯೂ ಇಬ್ಬರು ರಾಜಕುಮಾರಿಯರೊಡನೆಯೂ ಸ್ಟುಡಿಯೋಕ್ಕೆ ಬಂದು ಚಿತ್ರೀಕರಣವನ್ನು ನೋಡಿದನು. ನೌಕಾಬಲದ ನಿಜನಾವಿಕರು ಟಾರಿನ್ನಿನ ಸಿಬ್ಬಂದಿಯಾಗಿ ನಿಂತರು; ಡಂಕರ್ಕಿನಿಂದ ಮರಳುವ ದೃಶ್ಯದಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ದಳದ ಸೈನಿಕರೇ ಸಾಲುಗಟ್ಟಿದರು.

ಸ್ಟುಡಿಯೋದ ಯುದ್ಧವೂ ನಿರಪಾಯವಾಗಿರಲಿಲ್ಲ. ತೋಪಿನ ಬೆಂಕಿಯನ್ನು ತೋರಿಸಲು ತಂದಿದ್ದ ಮದ್ದು ಸಿಡಿದು ವಿದ್ಯುಚ್ಛಕ್ತಿ ವಿಭಾಗದ ಕೆಲಸಗಾರನೊಬ್ಬನು ಸತ್ತನು. ಜೊತೆಯವರು ಸುಟ್ಟು ಗಾಯಗೊಂಡರು. ಇಂತಹವರನ್ನು ಕರ್ತೃಗಳೆಂದು ಯಾರೂ ಎಣಿಸುವುದಿಲ್ಲ. ಇನ್ನೊಂದು ಸಂಗತಿಯನ್ನು ಕಾಲಕ್ರಮವನ್ನು ಹೊಂದಿಸಿ ನೋಡಿದವರು ಮಾತ್ರ ಗಮನಿಸುವರು. ಡೆನಮಿನಲ್ಲಿ ಕೆಲ್ಲಿಯ ಮುಳುಗನ್ನು ನಟಿಸುತ್ತಿದ್ದಾಗಲೇ, 1942ರ ಮೇ 11ರಂದು, ಕೆಲ್ಲಿಯವರನ್ನು ಬದುಕಿಸಿದ್ದ ‘ಕಿಪ್ಲಿಂಗ್’ ನೌಕೆಯು ಈಜಿಪ್ಟಿನ ಉತ್ತರಕ್ಕೆ ಭೂಮಧ್ಯಸಮುದ್ರದಲ್ಲಿ ಜರ್ಮನ್ ಬಾಂಬಿಗೆ ಸಿಕ್ಕಿ ಮುಳುಗಿತು. ಚಿತ್ರವು ಹಿಂದಿನದರ ಸ್ಮಾರಕವಾಗುವಷ್ಟರಲ್ಲಿ ಸಮುದ್ರವು ಮುಂದಿನ ಲೆಕ್ಕವನ್ನು ಬರೆಯುತ್ತಿತ್ತು.

ನಟವರ್ಗವನ್ನು ಕುರಿತು ಸ್ವಲ್ಪ ವಿಸ್ತರಿಸಬೇಕಾಗಿದೆ. ಏಕೆಂದರೆ ಚಿತ್ರದ ಸತ್ತ್ವವಿರುವುದು ಅಲ್ಲಿ. ಕಥೆಯು ಮೂವರನ್ನು ಹಿಡಿದು ಸಾಗುತ್ತದೆ: ಕಪ್ತಾನ ಕಿನ್ರಾಸ್, ಹಿರಿಯ ನಾವಿಕ ಹಾರ್ಡಿ, ಸಾಧಾರಣ ನಾವಿಕ ‘ಷಾರ್ಟಿ’ ಬ್ಲೇಕ್. ಕಿನ್ರಾಸನ ಪಾತ್ರದಲ್ಲಿ ಕೌವರ್ಡನು ಬಿಗಿಯಾಗಿ, ಮಾತನ್ನು ತುಂಡುತುಂಡಾಗಿ ಕಡಿದು ಆಡುತ್ತಾನೆ. ಅದು ಕಪ್ತಾನನ ಬಿಗಿಯೋ ನಟನ ಬಿಗಿಯೋ ಹೇಳುವುದು ಕಷ್ಟ. ಆದರೆ ಬದುಕಿದವರ ಕೈಯನ್ನು ಒಬ್ಬೊಬ್ಬರಾಗಿ ಕುಲುಕಿ ಬೀಳ್ಕೊಡುವ ಕಡೆಯ ದೃಶ್ಯದಲ್ಲಿ ಆ ಬಿಗಿಯೇ ಅವನಿಗೆ ಒದಗಿಬರುತ್ತದೆ. ಬ್ಲೇಕನ ಪಾತ್ರವನ್ನು ಜಾನ್ ಮಿಲ್ಸನಿಗಾಗಿಯೇ ಬರೆದಂತಿದೆ. ಇವರಿಬ್ಬರ ಪರಿಚಯವು ಪೂರ್ವದೇಶಗಳಲ್ಲಿ ಆದದ್ದು. ಭಾರತ, ಚೀನ ಮೊದಲಾದ ದೇಶಗಳಲ್ಲಿ ಸಂಚರಿಸುತ್ತಿದ್ದ ಒಂದು ನಾಟಕ ಮಂಡಲಿಯಲ್ಲಿ ತರುಣ ಮಿಲ್ಸ್ ಇದ್ದಾಗ ಸಿಂಗಪುರದಲ್ಲಿ ಕೌವರ್ಡನು ಅವನನ್ನು ಕಂಡು, ಅಲ್ಲಿಯೇ ಅವನೊಡನೆ ರಂಗಕ್ಕೂ ಇಳಿದಿದ್ದನು. ಯುದ್ಧ ಬಂದಾಗ ಸೈನ್ಯಕ್ಕೆ ಸೇರಿದ್ದ ಮಿಲ್ಸನನ್ನು ಹೊಟ್ಟೆಯ ಹುಣ್ಣಿನ ಕಾರಣದಿಂದ ಬಿಡುಗಡೆಮಾಡಿದರು. ಅವನ ಕೆಲವೇ ವಾರಗಳ ಕೂಸಾದ ಜೂಲಿಯೆಟ್ ಕೂಡ ಚಿತ್ರದಲ್ಲಿ ಬ್ಲೇಕನ ಕೂಸಾಗಿ ಕಾಣಿಸಿಕೊಂಡಿದೆ.

ಹಾರ್ಡಿಯ ಪಾತ್ರ ಬರ್ನಾರ್ಡ್ ಮೈಲ್ಸನದು. ಪ್ಲಿಮತ್ ನಗರದ ಮೇಲೆ ಬಿದ್ದ ಬಾಂಬಿನಿಂದ ಹಾರ್ಡಿಯ ಹೆಂಡತಿಯೂ ಅತ್ತೆಯೂ ಸಾಯುತ್ತಾರೆ. ಅದೇ ಮನೆಯಲ್ಲಿದ್ದ ಬ್ಲೇಕನ ಹೆಂಡತಿ ಫ್ರೇಡಾ ಬದುಕಿ ಮಗುವನ್ನು ಹೆರುತ್ತಾಳೆ. ತನ್ನ ಸಂತೋಷದ ಸುದ್ದಿಯನ್ನು ತಂದ ಕಾಗದದಲ್ಲಿಯೇ ಹಾರ್ಡಿಯ ದುಃಖದ ಸುದ್ದಿಯೂ ಇರುವುದನ್ನು ಓದಿದ ಬ್ಲೇಕ್ ಅದನ್ನು ಅವನಿಗೆ ತಿಳಿಸಬೇಕಾಗುತ್ತದೆ. ಹಾರ್ಡಿ ಆ ಹೊತ್ತಿಗೆ ಹೆಂಡತಿಗೆ ಕಾಗದ ಬರೆಯುತ್ತ ಕುಳಿತಿದ್ದಾನೆ. ಸುದ್ದಿಯನ್ನು ಕೇಳಿ, ಬ್ಲೇಕನಿಗೆ ಮಗುವಾದುದಕ್ಕೆ ಸಂತೋಷವೆಂದು ಹೇಳಿ, ಅಟ್ಟದ ಮೇಲೆ ಹೋಗಿ, ಬರೆದ ಕಾಗದವನ್ನು ಮುದುರಿ ನೀರಿಗೆಸೆಯುತ್ತಾನೆ. ಅಳುವಿಲ್ಲ, ದೊಡ್ಡ ಮಾತಿಲ್ಲ. ಕರುಣರಸವನ್ನು ಕಣ್ಣೀರಿನ ಪ್ರಮಾಣದಿಂದ ಅಳೆಯುವವರು ಈ ದೃಶ್ಯವನ್ನು ನೋಡಬೇಕು. ಸ್ತ್ರೀಪಾತ್ರಗಳಲ್ಲಿ ಕಪ್ತಾನನ ಹೆಂಡತಿಯಾದ ಸೀಲಿಯಾ ಜಾನ್ಸನ್ ಶ್ರೇಷ್ಠಳು. ನಾವಿಕನ ಹೆಂಡತಿಗೆ ಹಡಗೇ ಸವತಿಯೆಂಬ ಅರ್ಥದ ಅವಳ ಮಾತು ಕ್ರಿಸ್‌ಮಸ್ ಭೋಜನದ ನಗೆಯ ನಡುವೆ ಬಂದು ಎದೆಗೆ ತಾಕುತ್ತದೆ. ಫ್ರೇಡಾ ಆಗಿ ಬಂದ ಕೇ ವಾಲ್ಷ್ ಆಗ ಲೀನನ ಪತ್ನಿ. ಕಪ್ತಾನನ ಪುಟ್ಟ ಮಗನಾಗಿ ನಟಿಸಿದ ಡೇನಿಯಲ್ ಮ್ಯಾಸಿಯು ಕೌವರ್ಡನ ಧರ್ಮಪುತ್ರ. ಈ ಹುಡುಗನೇ ಬೆಳೆದು 1968ರ ಒಂದು ಚಿತ್ರದಲ್ಲಿ ಕೌವರ್ಡನ ಪಾತ್ರವನ್ನೇ ವಹಿಸಿದನು.

ಶಾಸನದಲ್ಲಿ ಬಿಟ್ಟುಹೋದ ಹೆಸರೊಂದುಂಟೆಂದು ಸೂಚಿಸಬೇಕು. ಟಾರಿನ್ನಿಗೆ ಟಾರ್ಪೀಡೊ ತಗುಲಿದಾಗ ಕುಲುಮೆಯ ಬಳಿಯ ತನ್ನ ಸ್ಥಾನವನ್ನು ಬಿಟ್ಟು ಓಡುವ ಎಳೆಯ ನಾವಿಕನೊಬ್ಬನಿದ್ದಾನೆ. ಅನಂತರ ಕಪ್ತಾನನು ಎಲ್ಲರನ್ನೂ ಹೊಗಳಿ, ಒಬ್ಬನು ಮಾತ್ರ ಕರ್ತವ್ಯವನ್ನು ಬಿಟ್ಟನೆಂದು ಹೇಳಿ, ಹೆಸರನ್ನು ಹೇಳದೆ, ಅವನಿಗೆ ತಕ್ಕಷ್ಟು ತಿಳಿವಳಿಕೆ ಕೊಡದ ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ. ಈ ಪಾತ್ರವನ್ನು ಮಾಡಿದವನು ಹದಿನೆಂಟು ವರ್ಷದ ರಿಚರ್ಡ್ ಅಟೆನ್‌ಬರೊ. ಆಗ ನಾಟಕಶಾಲೆಯ ವಿದ್ಯಾರ್ಥಿ, ಇದು ಅವನ ಮೊದಲ ಚಿತ್ರ. ಮೊದಲು ಪ್ರದರ್ಶನವಾದ ಪ್ರತಿಗಳ ನಾಮಾವಳಿಯಲ್ಲಿ ಅವನ ಹೆಸರಿರಲಿಲ್ಲ. ಹೆಸರಿಲ್ಲದ ಪಾತ್ರಕ್ಕೆ ಹೆಸರಿಲ್ಲದ ನಟ! ಚಿತ್ರದ ಆರಂಭದಲ್ಲಿ ಕೇಳಿಬರುವ ನಿರೂಪಣೆಯ ಧ್ವನಿಯೂ ಹೆಸರಿಲ್ಲದ್ದೇ. ಅದು ಪ್ರಸಿದ್ಧ ನಟ ಲೆಸ್ಲಿ ಹಾವರ್ಡನದು. 1943ರ ಜೂನ್ 1ರಂದು ಅವನಿದ್ದ ಪ್ರಯಾಣಿಕ ವಿಮಾನವನ್ನು ಜರ್ಮನರು ಬಿಸ್ಕೆ ಕೊಲ್ಲಿಯ ಮೇಲೆ ಹೊಡೆದುರುಳಿಸಿದರು.

ಈಗ ಇತಿಹಾಸಕ್ಕೂ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ನೋಡಬಹುದು. ಕೆಲ್ಲಿಯು ಡಂಕರ್ಕಿಗೆ ಹೋಗಲಿಲ್ಲ. ಆ ಕಾಲದಲ್ಲಿ ಅದು ಹಡಗುಕಟ್ಟೆಯಲ್ಲಿ ರಿಪೇರಿಯಲ್ಲಿತ್ತು. ಗೂರ್ಖಾ ನೌಕೆಯೊಡನೆ ಆದ ಡಿಕ್ಕಿಯು ಚಿತ್ರದಲ್ಲಿಲ್ಲ. ಇವು ಸಣ್ಣ ಬದಲಾವಣೆಗಳಲ್ಲ. ಮೊದಲನೆಯದರಿಂದ ಟಾರಿನ್ ಇಡೀ ನೌಕಾಬಲದ ಪ್ರತಿನಿಧಿಯಾಯಿತು. ಎರಡನೆಯದರಿಂದ ಕಪ್ತಾನನು ನಿಷ್ಕಳಂಕನಾದನು. ಮೌಂಟ್‌ಬ್ಯಾಟನ್ನನ ಅಧಿಕೃತ ಜೀವನಚರಿತ್ರೆಯನ್ನು 1985ರಲ್ಲಿ ಪ್ರಕಟಿಸಿದ ಫಿಲಿಪ್ ಝೀಗ್ಲರನು, ಧೈರ್ಯವನ್ನು ಮೆಚ್ಚಿದರೂ, ವಿಧ್ವಂಸಕ ನೌಕೆಗಳ ನಾಯಕರಲ್ಲಿ ಅವನಿಗೆ ಮೊದಲ ಪಂಕ್ತಿಯನ್ನು ಕೊಡುವುದಿಲ್ಲ. ಸಾಮಾನ್ಯ ಜನರ ಮನಸ್ಸಿನಲ್ಲಿ ನಿಂತಿರುವ ಮೌಂಟ್‌ಬ್ಯಾಟನ್ ಹಡಗಿನ ದಿನಚರಿಯವನಲ್ಲ, ಕೌವರ್ಡನ ಕಿನ್ರಾಸ್. ಅಲ್ಲದೆ, ಕಾಶ್ಮೀರ್ ನೌಕೆಯ ಗತಿಯನ್ನು ಯೋಚಿಸಬೇಕು. ಅದೇ ಬೆಳಗ್ಗೆ, ಅದೇ ನೀರಿನಲ್ಲಿ, ಅದೇ ವಿಮಾನಗಳಿಂದ ಮುಳುಗಿದ ಆ ಹಡಗಿನ ಕಮಾಂಡರನಿಗೆ ನಾಟಕಕಾರ ಸ್ನೇಹಿತನಿರಲಿಲ್ಲ. ಆಶ್ರಯದಾತನ ಹತ್ತಿರ ಕವಿ ಇದ್ದವನ ಯುದ್ಧಗಳು ಮಾತ್ರ ಕಾವ್ಯಗಳಾಗುವುದು ನಮ್ಮ ಇತಿಹಾಸದಲ್ಲಿಯೂ ಕಂಡ ಸಂಗತಿಯೇ.

ಆದರೆ ಇಷ್ಟರಿಂದಲೇ ಚಿತ್ರವನ್ನು ಸ್ತುತಿಪಾಠವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಧಿಕಾರಿಯ ಮನೆ, ಹಿರಿಯ ನಾವಿಕನ ಮನೆ, ಕಿರಿಯವನ ಮನೆಗಳನ್ನು ಅಕ್ಕಪಕ್ಕದಲ್ಲಿಟ್ಟು, ಮೂರರಲ್ಲಿಯೂ ಸಮನಾದ ಗಾಂಭೀರ್ಯದಿಂದ ಊಟ, ಜಗಳ, ವಿದಾಯಗಳನ್ನು ತೋರಿಸಿರುವುದು ಆ ಕಾಲದ ಆಂಗ್ಲ ಚಿತ್ರಗಳಲ್ಲಿ ಸಾಮಾನ್ಯವಾಗಿರಲಿಲ್ಲ. ಕೆಳವರ್ಗದವರು ಅಲ್ಲಿ ಬಹುಮಟ್ಟಿಗೆ ನಗಿಸುವುದಕ್ಕೇ ಬರುತ್ತಿದ್ದರು. ಅಂತಸ್ತಿನ ಗೋಡೆಗಳನ್ನು ಚಿತ್ರವು ಕೆಡವುವುದಿಲ್ಲ, ನಿಜ. ಕಪ್ತಾನನ ಔದಾರ್ಯವೂ ಯಜಮಾನನ ಔದಾರ್ಯವೇ.

1942ರ ಸೆಪ್ಟೆಂಬರಿನಲ್ಲಿ ಚಿತ್ರವು ಲಂಡನ್ನಿನಲ್ಲಿ ಪ್ರದರ್ಶಿತವಾಗಿ ಅಪಾರ ಜನಾದರಕ್ಕೆ ಪಾತ್ರವಾಯಿತು. ನ್ಯೂಯಾರ್ಕಿನ ವಿಮರ್ಶಕರ ಮಂಡಲಿಯು ಅದನ್ನು ಆ ವರ್ಷದ ಶ್ರೇಷ್ಠ ಚಿತ್ರವೆಂದು ಆರಿಸಿತು. 1943ರಲ್ಲಿ ಅಮೆರಿಕದ ಚಲಚ್ಚಿತ್ರ ಅಕಾಡೆಮಿಯು ಕೌವರ್ಡನಿಗೆ ವಿಶೇಷ ಗೌರವವನ್ನು ಕೊಟ್ಟಿತು. ದೊರೆಗೆ ಅವನನ್ನು ನೈಟ್ ಪದವಿಗೇರಿಸುವ ಮನಸ್ಸಿತ್ತು. ವಿದೇಶೀ ಹಣದ ಕಾನೂನನ್ನು ಮೀರಿದುದಕ್ಕಾಗಿ 1941ರಲ್ಲಿ ಕೌವರ್ಡನಿಗೆ ದಂಡ ಬಿದ್ದಿದ್ದುದನ್ನು ಮುಂದೊಡ್ಡಿ ಚರ್ಚಿಲನು ತಡೆದನು. ಪದವಿಯು ಬಂದದ್ದು 1970ರಲ್ಲಿ.

ಗೌರವವು ಕೌವರ್ಡನ ಹೆಸರಿಗೆ ಹೋದರೂ, ಫಲವು ಹಬ್ಬಿದ್ದು ಉಳಿದವರ ಮೂಲಕ. ಲೀನ್, ನೀಮ್, ಹ್ಯಾವ್ಲಾಕ್-ಆಲನ್ ಮೂವರೂ ‘ಸಿನೆಗಿಲ್ಡ್’ ಎಂಬ ಸಂಸ್ಥೆಯನ್ನು ಕಟ್ಟಿ, ಮೊದಲು ಕೌವರ್ಡನ ಕೃತಿಗಳನ್ನೂ ಅನಂತರ ಡಿಕನ್ಸನ ಕಾದಂಬರಿಗಳನ್ನೂ ತೆರೆಗೆ ತಂದರು. 1945ರ ‘ಬ್ರೀಫ್ ಎನ್‌ಕೌಂಟರ್’ ಚಿತ್ರದಲ್ಲಿ ಸೀಲಿಯಾ ಜಾನ್ಸನ್ ಲೋಕಪ್ರಸಿದ್ಧಳಾದಳು. ಕ್ಯಾಮರಾ ನಡಸಿದ ಗೈ ಗ್ರೀನ್ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಚಿತ್ರದ ಛಾಯಾಗ್ರಹಣಕ್ಕೆ ಆಸ್ಕರ್ ಪಡೆದನು. ಡೆನಮಿನಲ್ಲಿ ಸಹಾಯಕನಾಗಿದ್ದು ಚಿಕ್ಕ ಪಾತ್ರವನ್ನೂ ಮಾಡಿದ್ದ ಮೈಕೇಲ್ ಆಂಡರ್ಸನ್ 1957ರಲ್ಲಿ ‘ಯಾಂಗ್‌ಟ್ಸೆ ಇನ್ಸಿಡೆಂಟ್’ ಎಂಬ ತನ್ನದೇ ನೌಕಾಚಿತ್ರವನ್ನು ನಿರ್ದೇಶಿಸಿದನು. ನೀಮನು 1972ರಲ್ಲಿ ‘ಪೊಸೈಡನ್ ಅಡ್ವೆಂಚರ್’ ಚಿತ್ರದಲ್ಲಿ ಮತ್ತೊಮ್ಮೆ ಹಡಗನ್ನು ಮಗುಚಿದನು. ಹಾರ್ಡಿಯ ಪಾತ್ರದ ಮೈಲ್ಸನು ಲಂಡನ್ನಿನಲ್ಲಿ ಒಂದು ನಾಟಕಮಂದಿರವನ್ನು ಸ್ಥಾಪಿಸಿ 1979ರಲ್ಲಿ ಪ್ರಭುಸಭೆಯ ಸದಸ್ಯನಾದನು.

ಭಾರತಕ್ಕೆ ಈ ಚಿತ್ರದ ಸಂಬಂಧವು ಮೌಂಟ್‌ಬ್ಯಾಟನ್ನನಿಂದ ಮಾತ್ರವಲ್ಲ. ಓಡಿಹೋದ ನಾವಿಕನ ಪಾತ್ರದ ಅಟೆನ್‌ಬರೊ, ಗಾಂಧೀಜಿಯವರ ಜೀವನವನ್ನು ಚಿತ್ರಿಸಬೇಕೆಂದು ಸಂಕಲ್ಪಿಸಿದಾಗ, ಡೆನಮಿನ ಹಳೆಯ ಪರಿಚಯವನ್ನು ಹಿಡಿದು ಮೌಂಟ್‌ಬ್ಯಾಟನ್ನನ ಬಳಿಗೆ ಹೋದನು. ಅವನ ಮೂಲಕವೇ ನೆಹರೂ ಅವರನ್ನು ಕಂಡನು. ಇಪ್ಪತ್ತು ವರ್ಷಗಳ ಪ್ರಯತ್ನದ ಮೇಲೆ 1982ರಲ್ಲಿ ‘ಗಾಂಧಿ’ ತೆರೆಗೆ ಬಂದಿತು. ಅದರಲ್ಲಿ ವೈಸರಾಯ್ ಚೆಲ್ಮ್ಸ್‌ಫರ್ಡನಾಗಿ ಕುಳಿತವನು, ನಲವತ್ತು ವರ್ಷ ಹಿಂದೆ ತೆಪ್ಪವನ್ನು ಹಿಡಿದು ತೇಲಿದ್ದ ಜಾನ್ ಮಿಲ್ಸ್. ಆ ಹೊತ್ತಿಗೆ ಮೌಂಟ್‌ಬ್ಯಾಟನ್ ಇರಲಿಲ್ಲ. 1979ರ ಆಗಸ್ಟಿನಲ್ಲಿ ಐರ್ಲೆಂಡಿನ ಕರಾವಳಿಯಲ್ಲಿ ದೋಣಿಯಲ್ಲಿಟ್ಟ ಬಾಂಬಿನಿಂದ ಹತನಾಗಿದ್ದನು. ಇನ್ನು ಲೀನ್. ಅವನ ಕೊನೆಯ ಚಿತ್ರವಾದ ‘ಎ ಪ್ಯಾಸೇಜ್ ಟು ಇಂಡಿಯಾ’ 1984ರಲ್ಲಿ ಹೊರಬಂದಿತು. ಅದರ ಬಹುಭಾಗವನ್ನು ಚಿತ್ರಿಸಿದುದು ನಮ್ಮ ನಾಡಿನಲ್ಲಿ: ಚಂದ್ರಾಪುರದ ಪೇಟೆಯು ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಎದ್ದಿತು, ಮಾರಬಾರ್ ಗುಹೆಗಳಿಗೆ ಸಾವನದುರ್ಗದ ಬಂಡೆಯೂ ರಾಮನಗರದ ಬೆಟ್ಟಗಳೂ ಸ್ಥಳವಾದವು. ಆ ಚಿತ್ರದ ನಾಮಾವಳಿಯಲ್ಲಿ ಕಥಾಸಂವಿಧಾನ, ನಿರ್ದೇಶನ, ಸಂಕಲನ ಮೂರರ ಎದುರಿಗೂ ಲೀನನ ಹೆಸರೊಂದೇ ಇದೆ.